ಬ್ರೂಕ್‌ಫೀಲ್ಡಿನ ಮಾತು, ಕಾನ್‌ಸ್ಟಾಟಿನ ದಾರಿ

2025ರ ಮೇ ತಿಂಗಳ ಒಂದು ಬೆಳಿಗ್ಗೆ ನಾನು ಎದ್ದು ನೋಡಿದಾಗ, ನನ್ನ ಬಾಣಂತನಕ್ಕೆಂದು ಅಮೆರಿಕದಿಂದ ಜರ್ಮನಿಗೆ ಬಂದಿದ್ದ ಅಮ್ಮ ಮನೆಯಲ್ಲಿರಲಿಲ್ಲ. ಮಗು ಹುಟ್ಟಿ ಆಗಷ್ಟೇ ಮೂರು ವಾರವಾಗಿತ್ತು. ರಾತ್ರಿಯಿಡೀ ನಿದ್ದೆಗೆಟ್ಟು ಬೆಳಗಿನ ಜಾವ ಕಣ್ಣು ಮುಚ್ಚಿದವಳಿಗೆ ಎಚ್ಚರವಾದಾಗ ಎಂಟು ದಾಟಿತ್ತು. ಒಲೆಯ ಮೇಲೆ ಗಂಜಿ ಮುಚ್ಚಿಟ್ಟಿತ್ತು. ಬಾಗಿಲ ಬಳಿ ಅಮ್ಮನ ಚಪ್ಪಲಿಯೂ ಇರಲಿಲ್ಲ, ಮೊಳೆಗೆ ತೂಗುಹಾಕಿದ್ದ ಬೀಗದ ಕೈಯೂ ಇರಲಿಲ್ಲ. ಫೋನು ಮಾತ್ರ ಮೇಜಿನ ಮೇಲೆಯೇ ಇತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅರ್ಧ ಗಂಟೆ ಕಿಟಕಿಯ ಬಳಿ ನಿಂತಿದ್ದೆ. ಕೊನೆಗೆ ಬೀದಿಯ ತಿರುವಿನಲ್ಲಿ ಅಮ್ಮ ಕಾಣಿಸಿಕೊಂಡಳು. ಅವಳ ಬಟ್ಟೆಯ ಚೀಲದ ಬಾಯಿಂದ ಮೂಲಂಗಿ ಸೊಪ್ಪು ಹೊರಗೆ ಚಾಚಿಕೊಂಡಿತ್ತು. ನಾವಿರುವ, ಸ್ಟುಟ್‌ಗಾರ್ಟ್ ನಗರದ ಭಾಗವಾದ ಕಾನ್‌ಸ್ಟಾಟಿನ ಹಳೆಯ ಚೌಕದಲ್ಲಿ ನಡೆಯುವ ಸಂತೆಗೆ ಹೋಗಿ, ಗೋಲಿಗಿಂತ ತುಸು ದಪ್ಪಗಿರುವ ಕೆಂಪು ಮೂಲಂಗಿಯ ಎರಡು ಕಟ್ಟು ತಂದಿದ್ದಳು. ಇಲ್ಲಿನ ಗಿರಾಕಿಗಳಿಗೆ ಸೊಪ್ಪು ಬೇಕಿಲ್ಲವೆಂದು ಮಾರುವ ಹೆಂಗಸು ಅದನ್ನು ತಿರುಚಿ ಕೀಳಲು ಹೋದಾಗ ಅಮ್ಮ ಅವಳ ಕೈ ತಡೆದಳಂತೆ. ಆಕೆ ನಕ್ಕು, ಬೇರೆಯವರು ಬಿಟ್ಟುಹೋಗಿದ್ದ ಸೊಪ್ಪನ್ನೂ ಚೀಲಕ್ಕೆ ತುಂಬಿದಳಂತೆ. ಅಂಗೈಯ ಬೆವರಿಗೆ ಒದ್ದೆಯಾಗಿದ್ದ ಚಿಲ್ಲರೆಯನ್ನು ಮೇಜಿನ ಮೇಲಿಟ್ಟು ಅಮ್ಮ ಹೇಳಿದಳು: “ಯಾರನ್ನೂ ಕೇಳಲಿಲ್ಲ ಕಣೇ, ನಾನೇ ಹೋಗಿ ಬಂದೆ.”

ಈ ಮಾತಿನ ತೂಕ ಅವಳ ಇಪ್ಪತ್ತಾರು ವರ್ಷಗಳ ಅಮೆರಿಕದ ಬದುಕನ್ನು ಹತ್ತಿರದಿಂದ ಕಂಡವರಿಗೆ ಮಾತ್ರ ತಿಳಿದೀತು. ಅಮೆರಿಕ ಮೇಲೋ ಜರ್ಮನಿ ಮೇಲೋ ಎಂದು ಬಂಧುಗಳು ನನ್ನನ್ನು ಕೇಳುತ್ತಲೇ ಇರುತ್ತಾರೆ. ಅವರಿಗೆ ಬೇಕಿರುವುದು ಸಂಬಳದ ಲೆಕ್ಕ, ತೆರಿಗೆಯ ಲೆಕ್ಕ, ಮನೆಯ ಬೆಲೆಯ ಲೆಕ್ಕ. ಆ ಲೆಕ್ಕಗಳನ್ನು ನಾನೂ ಹಾಕಿದ್ದೇನೆ. ಆದರೆ ನಾನು ಬೆಳೆದ ಊರನ್ನೂ ಈಗ ಬಾಳುತ್ತಿರುವ ಊರನ್ನೂ ಅಕ್ಕಪಕ್ಕ ಇಟ್ಟು ನೋಡುವಾಗಲೆಲ್ಲ ನನ್ನ ಕಣ್ಣ ಮುಂದೆ ನಿಲ್ಲುವವಳು ಅಮ್ಮನೇ. ಕಾರು ಓಡಿಸಲು ಬಾರದ, ಇಂಗ್ಲಿಷನ್ನು ಮಧ್ಯವಯಸ್ಸಿನಲ್ಲಿ ಕಲಿತ, ಯಾರ ಹಂಗಿನಲ್ಲೂ ಇರಲೊಲ್ಲದ ಒಬ್ಬ ಹೆಂಗಸಿಗೆ ಒಂದು ಊರು ಎಷ್ಟು ತೆರೆದುಕೊಳ್ಳುತ್ತದೆ ಎಂಬುದು ನನಗೆ ಉಳಿದೆಲ್ಲಕ್ಕಿಂತ ದೊಡ್ಡ ಪ್ರಶ್ನೆ.

ನಾವು ವಿಸ್ಕಾನ್ಸಿನ್ ರಾಜ್ಯದ ಬ್ರೂಕ್‌ಫೀಲ್ಡಿಗೆ ಬಂದದ್ದು 1999ರಲ್ಲಿ. ಕನ್ನಡ ಶಾಲೆಯಲ್ಲಿ ನಾಲ್ಕನೆಯ ತರಗತಿ ಮುಗಿಸಿದ್ದ ನನಗೆ ಆಗ ಹತ್ತು ವರ್ಷ. ಮಿಲ್ವಾಕೀ ನಗರದ ಪಶ್ಚಿಮಕ್ಕಿರುವ ಈ ಊರಿನಲ್ಲಿ ನಮ್ಮ ಮನೆ ಒಂದು ಬಡಾವಣೆಯ ತುದಿಯಲ್ಲಿತ್ತು. ಮನೆಯ ಮುಂದೆ ವಿಶಾಲವಾದ ಹುಲ್ಲು, ಹಿಂದೆ ಮೇಪಲ್ ಮರಗಳು, ನೆಲಮಾಳಿಗೆ, ಎರಡು ಕಾರು ನಿಲ್ಲುವ ಗರಾಜು ಎಲ್ಲವೂ ಇದ್ದವು. ರಸ್ತೆಯ ಪಕ್ಕದಲ್ಲಿ ನಡೆಯುವವರಿಗೆ ಫುಟ್‌ಪಾತ್ ಮಾತ್ರ ಇರಲಿಲ್ಲ. ಅಮೆರಿಕದ ಬಹುಪಾಲು ಉಪನಗರಗಳಲ್ಲಿರುವಂತೆ ಇಲ್ಲಿಯೂ ಮನೆಗಳಿರಬೇಕಾದ ಜಾಗದಲ್ಲಿ ಮನೆಗಳು ಮಾತ್ರ, ಅಂಗಡಿಗಳಿರಬೇಕಾದ ಜಾಗದಲ್ಲಿ ಅಂಗಡಿಗಳು ಮಾತ್ರ ಎಂದು ಕಟ್ಟುವ ಮೊದಲೇ ಗೆರೆ ಕೊರೆದಿಟ್ಟಿರುತ್ತಾರೆ. ಹಾಗಾಗಿ ಒಂದು ಲೀಟರು ಹಾಲು ತರಬೇಕೆಂದರೂ ಬ್ಲೂಮೌಂಡ್ ರಸ್ತೆಯವರೆಗೆ ಹೋಗಬೇಕು. ಆ ರಸ್ತೆಯೋ ಹಲವು ಸಾಲುಗಳಲ್ಲಿ ವಾಹನಗಳು ಧಾವಿಸುವ ಹೆದ್ದಾರಿಯಂಥದ್ದು, ಅದರ ಇಕ್ಕೆಲಗಳಲ್ಲಿ ಮೈಲಿಗಟ್ಟಲೆ ಅಂಗಡಿಗಳು, ಒಂದೊಂದು ಅಂಗಡಿಯ ಮುಂದೆಯೂ ಆಟದ ಮೈದಾನದಷ್ಟು ಪಾರ್ಕಿಂಗ್ ಜಾಗ. ಕಾರಿದ್ದವರಿಗೆ ಇದು ಐದು ನಿಮಿಷದ ದಾರಿ. ಕಾರು ಓಡಿಸಲಾಗದವರಿಗೆ ಅದು ದಾರಿಯೇ ಅಲ್ಲ.

ಅಮ್ಮ ಕಲಿಯಲು ಯತ್ನಿಸಲಿಲ್ಲವೆಂದಲ್ಲ. ಅಪ್ಪ ಭಾನುವಾರದ ಖಾಲಿ ಪಾರ್ಕಿಂಗ್ ಜಾಗಗಳಲ್ಲಿ ಅವಳಿಗೆ ಕಲಿಸಿದರು. ಕಲಿಯುವವರ ಪರವಾನಗಿಯೂ ಬಂತು. ಎರಡನೆಯ ಚಳಿಗಾಲದಲ್ಲಿ, ಡಾಂಬರಿನ ಮೇಲೆ ಕಣ್ಣಿಗೆ ಕಾಣದ ಹಾಗೆ ಹೆಪ್ಪುಗಟ್ಟಿದ್ದ ಹಿಮದ ಮೇಲೆ ಕಾರು ಜಾರಿ ಒಂದು ಪೂರ್ತಿ ಸುತ್ತು ತಿರುಗಿ, ಎದುರು ಬರುತ್ತಿದ್ದ ಲಾರಿಗೆ ಮುಖ ಮಾಡಿ ನಿಂತಿತು. ಹಿಂದಿನ ಸೀಟಿನಲ್ಲಿ ನಾನಿದ್ದೆ. ಲಾರಿಯವನು ಹೇಗೋ ನಿಲ್ಲಿಸಿದ. ಯಾರಿಗೂ ಏನೂ ಆಗಲಿಲ್ಲ; ಆದರೆ ಅಮ್ಮ ಮತ್ತೆ ಆ ಸೀಟಿನಲ್ಲಿ ಕುಳಿತುಕೊಳ್ಳಲಿಲ್ಲ. ಅಂದಿನಿಂದ ತರಕಾರಿಗೆ, ವೈದ್ಯರಲ್ಲಿಗೆ, ಪೆವಾಕೀಯ ದೇವಸ್ಥಾನಕ್ಕೆ, ಗ್ರಂಥಾಲಯಕ್ಕೆ, ಯಾವುದಕ್ಕಾದರೂ ಅವಳು ಅಪ್ಪನ ಬಿಡುವನ್ನು ಕಾಯಬೇಕಾಯಿತು. ನನಗೆ 16 ತುಂಬಿ ಪರವಾನಗಿ ಸಿಕ್ಕ ಮೇಲೆ ನನ್ನ ಬಿಡುವನ್ನೂ ಕಾದಳು. ನಾನು ಹೋಮ್‌ವರ್ಕ್ ಮುಗಿಸುವ ತನಕ ಕೋಟು ಹಾಕಿಕೊಂಡು, ಚೀಟಿ ಕೈಯಲ್ಲಿ ಹಿಡಿದು, ಬಾಗಿಲ ಬಳಿಯ ಬೆಂಚಿನ ಮೇಲೆ ಸುಮ್ಮನೆ ಕುಳಿತಿರುತ್ತಿದ್ದಳು. ಒಮ್ಮೆಯೂ ಅವಸರ ಮಾಡಿದವಳಲ್ಲ. ಆ ವಯಸ್ಸಿನಲ್ಲಿ ನನಗೆ ಅದು ಕಿರಿಕಿರಿಯೆನಿಸಿದ್ದುಂಟು. ಅದನ್ನು ಮುಖದಲ್ಲಿ ತೋರಿಸಿದ್ದೂ ಉಂಟು. ಇವತ್ತು ಅದನ್ನು ನೆನೆದರೆ ನನಗೆ ನೋವಾಗುತ್ತದೆ.

ಆದರೆ ಆ ಊರು ಅವಳಿಗೆ ಮಾತನ್ನು ಧಾರಾಳವಾಗಿ ಕೊಟ್ಟಿತು ಎಂಬುದನ್ನು ಅಷ್ಟೇ ಪ್ರಾಮಾಣಿಕವಾಗಿ ಹೇಳಬೇಕು. ಗ್ರಂಥಾಲಯದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಬಿಡಿಕಾಸೂ ಪಡೆಯದೆ ವಾರಕ್ಕೆರಡು ದಿನ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಅಮ್ಮ ಅವರಲ್ಲಿ ನಾಲ್ಕು ವರ್ಷ ಕಲಿತಳು. ಅಂಗಡಿಯಲ್ಲಿ ಬಿಲ್ ಹಾಕುವ ಹುಡುಗಿ ಅವಳ ಸೀರೆಯ ಬಣ್ಣವನ್ನು ಮೆಚ್ಚಿಕೊಳ್ಳುತ್ತಿದ್ದಳು, ಮುಂದಿನ ವಾರ ಬಂದಾಗ ನೆನಪಿಟ್ಟುಕೊಂಡು ನನ್ನ ಪರೀಕ್ಷೆ ಹೇಗಾಯಿತೆಂದು ಕೇಳುತ್ತಿದ್ದಳು. ಮಳಿಗೆಯ ಸಾಲಿನಲ್ಲಿ ನಿಂತವರು, ದಂತವೈದ್ಯರ ಕೋಣೆಯಲ್ಲಿ ಕಾಯುತ್ತ ಕುಳಿತವರು, ನಾಯಿ ಹಿಡಿದು ರಸ್ತೆಯಲ್ಲಿ ಹೋಗುವವರು ಎಲ್ಲರೂ ಒಂದು ಮಾತಾಡಿಯೇ ಮುಂದೆ ಹೋಗುವವರು. ಅವಳ ಉಚ್ಚಾರಣೆ ತಪ್ಪಾದರೆ ಯಾರೂ ಮುಖ ಸಿಂಡರಿಸಿದ್ದನ್ನು ನಾನು ಕಾಣಲಿಲ್ಲ. ಅಪ್ಪನಿಗೆ ಶಸ್ತ್ರಚಿಕಿತ್ಸೆಯಾದ ಚಳಿಗಾಲದಲ್ಲಿ ಎದುರುಮನೆಯವರು ನಾವು ಕೇಳುವ ಮೊದಲೇ ಬೆಳಗಿನ ಐದೂವರೆಗೆ ತಮ್ಮ ಯಂತ್ರ ತಂದು ನಮ್ಮ ಗರಾಜಿನ ಮುಂದಿನ ಹಿಮವನ್ನು ತೆಗೆದು ಹೋಗುತ್ತಿದ್ದರು. ಸಸ್ಯಾಹಾರವೆಂದರೆ ಏನೇನು ಹಾಕಬಾರದೆಂದು ಫೋನಿನಲ್ಲಿ ಕೇಳಿ ತಿಳಿದುಕೊಂಡು ಪಕ್ಕದ ಮನೆಯ ಅಜ್ಜಿ ಎರಡು ವಾರ ಊಟ ಕಳಿಸಿದರು. ಈ ಔದಾರ್ಯವನ್ನು ತೋರಿಕೆಯದೆಂದು ಯುರೋಪಿನಲ್ಲಿ ಕೆಲವರು ಹಗುರವಾಗಿ ಮಾತನಾಡುವುದನ್ನು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಅದು ತೋರಿಕೆಯದಾಗಿರಲಿಲ್ಲ. ಆ ಊಟವನ್ನು ನಾವು ಉಂಡಿದ್ದೇವೆ.

ಮಿಲ್ವಾಕೀ ಮೂಲತಃ ಜರ್ಮನರು ಕಟ್ಟಿ ಬೆಳೆಸಿದ ನಗರವೆಂಬುದು ನನಗೆ ಶಾಲೆಯಲ್ಲಿಯೇ ತಿಳಿದಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಬಂದು ನೆಲೆಸಿದ ಜರ್ಮನರಿಂದಾಗಿ ಅದಕ್ಕೆ ‘ಜರ್ಮನ್ ಅಥೆನ್ಸ್’ ಎಂಬ ಹೆಸರೂ ಇತ್ತು. ನಮ್ಮೂರಿನಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿರುವ ವಾಟರ್‌ಟೌನಿನಲ್ಲಿ ಮಾರ್ಗರೆಥೆ ಶುರ್ಜ್ ಎಂಬ ಜರ್ಮನ್ ಮಹಿಳೆ 1856ರಲ್ಲಿ ಅಮೆರಿಕದ ಮೊದಲ ಕಿಂಡರ್‌ಗಾರ್ಟನ್ ತೆರೆದರು. ಆ ಪುಟ್ಟ ಮನೆಯನ್ನು ನೋಡಲು ಶಾಲೆಯಿಂದ ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದಿದ್ದರು. ಅದೇ ಮಿಲ್ವಾಕೀಯಲ್ಲಿ ಒಂದು ಕಾಲಕ್ಕೆ ಟ್ರಾಮುಗಳ ಜಾಲವೇ ಇತ್ತು, ಸುತ್ತಲಿನ ಊರುಗಳಿಗೂ ವಿದ್ಯುತ್ ರೈಲುಗಳು ಓಡುತ್ತಿದ್ದವು. ಕೊನೆಯ ಟ್ರಾಮು ನಿಂತದ್ದು 1958ರಲ್ಲಿ. 1956ರ ಹೆದ್ದಾರಿ ಕಾಯಿದೆಯ ಹಣದಿಂದ ದೇಶದ ತುಂಬ ಅಗಲವಾದ ರಸ್ತೆಗಳು ಹರಡತೊಡಗಿದ್ದ ಕಾಲ ಅದು. ಮತ್ತೆ ಅಲ್ಲಿ ಒಂದು ಪುಟ್ಟ ಟ್ರಾಮು ಮಾರ್ಗ ಬರಲು 2018 ಆಗಬೇಕಾಯಿತು, ಅದೂ ನಗರದ ನಡುಭಾಗದಲ್ಲಿ ಎರಡು ಮೈಲಿಯಷ್ಟು. ಅಂದರೆ ಅಮ್ಮನಿಗೆ ಬೇಕಾಗಿದ್ದ ದಾರಿ ಆ ಸೀಮೆಯಲ್ಲಿ ಹಿಂದೆ ಇತ್ತು, ಅವಳು ಬರುವುದಕ್ಕೆ ನಾಲ್ಕು ದಶಕ ಮೊದಲೇ ಅದನ್ನು ಕಿತ್ತುಹಾಕಿದ್ದರು. ಇದನ್ನು ತಿಳಿದ ಮೇಲೆ, ಕಾರಿಲ್ಲದೆ ಬದುಕಲಾಗದಿರುವುದು ಅಮೆರಿಕದ ವಿಸ್ತಾರದಿಂದ ತಾನಾಗಿಯೇ ಬಂದ ಸ್ಥಿತಿಯೆಂಬ ಮಾತನ್ನು ನಾನು ಒಪ್ಪುವುದನ್ನು ಬಿಟ್ಟೆ.

ನಾನು ಕೆಲಸಕ್ಕಾಗಿ ಸ್ಟುಟ್‌ಗಾರ್ಟಿಗೆ ಬಂದದ್ದು 2017ರಲ್ಲಿ. ಮದುವೆಯ ನಂತರ ನಾವಿಬ್ಬರೂ ನೆಕರ್ ನದಿಯ ದಡದ ಬಾಡ್ ಕಾನ್‌ಸ್ಟಾಟಿನಲ್ಲಿ ಮನೆ ಹಿಡಿದೆವು. 1905ರಲ್ಲಿ ಸ್ಟುಟ್‌ಗಾರ್ಟಿನೊಳಗೆ ಸೇರುವವರೆಗೆ ಇದು ಬೇರೆಯೇ ಪಟ್ಟಣವಾಗಿತ್ತು. ಖನಿಜ ನೀರಿನ ಬುಗ್ಗೆಗಳಿಗೆ ಹೆಸರಾದ ಈ ಊರಿನಲ್ಲಿಯೇ ಗಾಟ್‌ಲೀಬ್ ಡೈಮ್ಲರ್ ತನ್ನ ತೋಟದ ಮನೆಯನ್ನು ಕಾರ್ಯಾಗಾರ ಮಾಡಿಕೊಂಡು, 1886ರಲ್ಲಿ ಕುದುರೆಯಿಲ್ಲದ ನಾಲ್ಕು ಗಾಲಿಯ ಬಂಡಿಯನ್ನು ಓಡಿಸಿದ. ಆ ತೋಟದ ಮನೆ ನಮ್ಮ ಮನೆಗೆ ನಡೆದುಹೋಗುವಷ್ಟು ಹತ್ತಿರ. ಮೋಟಾರು ಕಾರು ಹುಟ್ಟಿದ ಬೀದಿಗಳಲ್ಲಿಯೇ ನನ್ನ ಅಮ್ಮನಿಗೆ ಕಾರಿನ ಹಂಗು ತಪ್ಪಿತು ಎಂಬುದನ್ನು ನಾನು ಆಗಾಗ ಯೋಚಿಸುತ್ತೇನೆ. ಈ ನಗರ ಕಾರನ್ನು ದೂರವಿಟ್ಟಿದೆಯೆಂದು ಯಾರೂ ಭಾವಿಸಬಾರದು. ಯುದ್ಧದ ಬಾಂಬುಗಳಿಗೆ ಬಿದ್ದುಹೋದ ಸ್ಟುಟ್‌ಗಾರ್ಟನ್ನು ಮತ್ತೆ ಕಟ್ಟುವಾಗ ಕಾರಿಗೆ ಅನುಕೂಲವಾಗುವ ಹಾಗೆಯೇ ಕಟ್ಟಿದರು. ನಗರದ ಎದೆಯ ಮೇಲೆಯೇ ಹಾದುಹೋಗುವ ಬಿ14 ರಸ್ತೆಯನ್ನು ದಾಟುವಾಗ ನನಗೆ ಬ್ಲೂಮೌಂಡ್ ರಸ್ತೆಯೇ ನೆನಪಾಗುತ್ತದೆ. ವ್ಯತ್ಯಾಸವೆಂದರೆ, ಇಲ್ಲಿ ಕಾರಿಗೆ ಜಾಗ ಕೊಟ್ಟವರು ನಡೆಯುವವರ ಜಾಗವನ್ನು ಪೂರ್ತಿಯಾಗಿ ಕಿತ್ತುಕೊಳ್ಳಲಿಲ್ಲ. ನಾಲ್ಕು ಮಹಡಿಯ ಮನೆಗಳ ಕೆಳಗೇ ಬ್ರೆಡ್ಡಿನ ಅಂಗಡಿ, ಔಷಧದ ಅಂಗಡಿ, ತುರ್ಕಿಯವರ ತರಕಾರಿ ಅಂಗಡಿ ಇವೆ. ಹತ್ತು ನಿಮಿಷ ನಡೆದರೆ ಗ್ರಂಥಾಲಯ, ವೈದ್ಯರು, ರೈಲು ನಿಲ್ದಾಣ ಎಲ್ಲವೂ ಸಿಗುತ್ತವೆ.

ಅಮ್ಮ ಬಂದದ್ದು ಬಾಣಂತನಕ್ಕೆ. ಆ ಮೂರು ತಿಂಗಳಲ್ಲಿ ಎರಡು ದೇಶಗಳ ನಡುವಿನ ಇನ್ನೊಂದು ಅಂತರವನ್ನೂ ಅವಳು ಕಣ್ಣಾರೆ ಕಂಡಳು. ಹೆರಿಗೆಗೆ ಆರು ವಾರ ಮೊದಲೂ ಎಂಟು ವಾರ ನಂತರವೂ ಸಂಬಳ ಸಹಿತ ರಜೆ ಇಲ್ಲಿನ ಕಾನೂನು. ಅದರ ಮೇಲೆ, ಕೆಲಸ ಕಳೆದುಕೊಳ್ಳದೆ ಮಗುವಿಗಾಗಿ ಮೂರು ವರ್ಷದವರೆಗೆ ಮನೆಯಲ್ಲಿರಬಹುದು. ಮನೆಗೆ ಬಂದ ಮೊದಲ ಹತ್ತು ದಿನ ಸೂಲಗಿತ್ತಿ ದಿನವೂ ಬಂದು ಮಗುವಿನ ಹೊಕ್ಕುಳು, ತೂಕ, ನನ್ನ ಹೊಲಿಗೆ ಎಲ್ಲವನ್ನೂ ನೋಡಿ ಹೋಗುತ್ತಿದ್ದರು, ಆಮೇಲೂ ಹಲವು ವಾರ ಬರುತ್ತಿದ್ದರು. ಅದರ ಖರ್ಚು ಆರೋಗ್ಯ ವಿಮೆಯದು. ಅಮ್ಮ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ಮಗುವಿಗೆ ನೀರು ಹಾಕುವುದನ್ನು ಆಕೆ ಪಕ್ಕದಲ್ಲಿ ಮಣೆ ಹಾಕಿಕೊಂಡು ಕುಳಿತು ಕೊನೆಯವರೆಗೆ ನೋಡಿದರು. ಕತ್ತಿನ ಕೆಳಗೆ ಅಂಗೈ ಎಲ್ಲಿರಬೇಕೆಂದು ಕೇಳಿ ತಿಳಿದುಕೊಂಡರು. ಮಿಲ್ವಾಕೀಯಲ್ಲಿರುವ ನನ್ನ ಶಾಲೆಯ ಗೆಳತಿಗೆ ಅದೇ ವರ್ಷ ಹೆರಿಗೆಯಾಯಿತು. ಏಳನೆಯ ವಾರಕ್ಕೆ ಅವಳು ಕೆಲಸಕ್ಕೆ ಮರಳಿದಳು. ಅಮೆರಿಕದ 1993ರ ಕಾನೂನು ಕೊಡುವುದು ಹನ್ನೆರಡು ವಾರ, ಅದೂ ಸಂಬಳವಿಲ್ಲದ ರಜೆ, ಅದೂ ಐವತ್ತು ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಲ್ಲಿ ಮಾತ್ರ.

ಇದಾವುದೂ ಇಲ್ಲಿ ಬಿಟ್ಟಿ ಸಿಗುವುದಿಲ್ಲ. ಆರೋಗ್ಯ ವಿಮೆಗೇ ಸಂಬಳದ 14.6 ಶೇಕಡಾ, ಅದರ ಮೇಲೆ ವಿಮಾ ಸಂಸ್ಥೆಯ ಹೆಚ್ಚುವರಿ ಭಾಗ; ಅದರಲ್ಲಿ ಅರ್ಧ ನಮ್ಮದು, ಅರ್ಧ ಕೆಲಸ ಕೊಟ್ಟವರದು. ಪಿಂಚಣಿ, ನಿರುದ್ಯೋಗ ವಿಮೆ, ತೆರಿಗೆ ಎಲ್ಲ ಹೋಗಿ ಕೈಗೆ ಬರುವ ಹಣ ಅಪ್ಪನಿಗೆ ತೀರ ಕಡಿಮೆಯೆನಿಸುತ್ತದೆ. ಇದೇ ಕೆಲಸಕ್ಕೆ ವಿಸ್ಕಾನ್ಸಿನ್ನಿನಲ್ಲಿ ಹೆಚ್ಚು ಉಳಿಯುತ್ತಿತ್ತು ಎಂಬುದು ನಿಜ. ಆದರೆ ನನಗೆ ಮರೆಯಲಾಗದ ಒಂದು ರಾತ್ರಿಯಿದೆ. ಎದೆ ಹಿಡಿದುಕೊಂಡಂತಾಗಿ ಬೆವರುತ್ತಿದ್ದ ಅಪ್ಪ, ಆಂಬುಲೆನ್ಸ್ ಕರೆಯಬೇಡಿ, ಅದರ ಬಿಲ್ಲನ್ನು ವಿಮೆಯವರು ಒಪ್ಪುತ್ತಾರೋ ಇಲ್ಲವೋ ಎಂದು ಹೇಳಿ, ಕಾರಿನ ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಹತ್ತೊಂಬತ್ತು ವರ್ಷದ ನಾನು ಹಿಮ ಬೀಳುತ್ತಿದ್ದ ಹೆದ್ದಾರಿಯಲ್ಲಿ ಅವರನ್ನು ಆಸ್ಪತ್ರೆಗೆ ಕರೆದೊಯ್ದೆ. ಇಲ್ಲಿ ಆಂಬುಲೆನ್ಸಿಗೆ ನಾವು ಕೈಯಿಂದ ಕೊಡಬೇಕಾದದ್ದು ಹೆಚ್ಚೆಂದರೆ ಹತ್ತು ಯೂರೋ. ಸಂಬಳದ ಚೀಟಿಯಲ್ಲಿ ಕಡಿತದ ಸಾಲುಗಳನ್ನು ನೋಡುವಾಗ ನಾನು ಆ ರಾತ್ರಿಯನ್ನು ನೆನಪಿಸಿಕೊಳ್ಳುತ್ತೇನೆ, ಮತ್ತೆ ಲೆಕ್ಕ ಹಾಕುವುದಿಲ್ಲ.

ಮೂಲಂಗಿ ತಂದ ದಿನದಿಂದ ಅಮ್ಮನ ತಿರುಗಾಟ ಹಿಗ್ಗುತ್ತ ಹೋಯಿತು. ದೇಶದ ತುಂಬ ಬಸ್ಸು, ಟ್ರಾಮು ಮತ್ತು ಸ್ಥಳೀಯ ರೈಲುಗಳಲ್ಲಿ ಸಲ್ಲುವ, ಆ ವರ್ಷ ತಿಂಗಳಿಗೆ 58 ಯೂರೋ ಇದ್ದ ‘ಡಾಯ್ಚ್‌ಲಾಂಡ್ ಟಿಕೆಟ್’ ಅನ್ನು ಅವಳ ಹೆಸರಿಗೆ ಮಾಡಿಸಿದೆವು. ವಿಲ್‌ಹೆಲ್ಮ್ಸ್‌ಪ್ಲಾಟ್ಸಿನಲ್ಲಿ ಯು1 ಎಂಬ ನಗರ ರೈಲು ಹತ್ತಿ ಮರಿಯೆನ್‌ಪ್ಲಾಟ್ಸಿನಲ್ಲಿ ಇಳಿದು, ಅಲ್ಲಿಂದ 1884ರಿಂದ ಓಡುತ್ತಿರುವ ಹಲ್ಲುಗಂಬಿಯ ರೈಲಿನಲ್ಲಿ ಗುಡ್ಡ ಏರಿ ಡೇಗರ್‌ಲೋಖ್ ತಲಪುವುದು ಅವಳಿಗೆ ಅತ್ಯಂತ ಪ್ರಿಯವಾದ ದಾರಿಯಾಯಿತು. ಊರಿನವರು ‘ಟ್ಸಾಕೆ’ ಎಂದು ಕರೆಯುವ ಆ ರೈಲು ಇವತ್ತಿಗೂ ಪ್ರವಾಸಿಗರಿಗಾಗಿ ಇಟ್ಟ ವಸ್ತುವಲ್ಲ; ಶಾಲೆಗೆ ಹೋಗುವ ಮಕ್ಕಳು, ಕೆಲಸದವರು, ಸೈಕಲ್ಲನ್ನು ಮುಂದಿನ ತೆರೆದ ಬಂಡಿಗೆ ಏರಿಸುವವರು ದಿನವೂ ಓಡಾಡುವ ರೈಲು. ಕಿಟಕಿಯ ಬಳಿ ಕುಳಿತು, ಬಟ್ಟಲಿನಂಥ ಕಣಿವೆಯಲ್ಲಿ ಹರಡಿದ ನಗರ ಕೆಳಗಿಳಿಯುತ್ತ ಹೋಗುವುದನ್ನು ಅಮ್ಮ ನೋಡುತ್ತಿದ್ದಳು. ಮೇಲೆ ಹೋಗಿ ಅವಳು ಮಾಡುತ್ತಿದ್ದದ್ದು ಏನೂ ಇಲ್ಲ. ಒಂದು ಬೆಂಚಿನ ಮೇಲೆ ಸ್ವಲ್ಪ ಹೊತ್ತು ಕುಳಿತು ಮುಂದಿನ ರೈಲಿನಲ್ಲಿ ಇಳಿದು ಬರುವುದು. ಏನೂ ಕೆಲಸವಿಲ್ಲದೆ ಒಬ್ಬಳೇ ಎಲ್ಲಿಗಾದರೂ ಹೋಗಿಬರುವುದು ಅವಳ ಅಮೆರಿಕದ ಬದುಕಿನಲ್ಲಿ ಇರಲೇ ಇಲ್ಲವೆಂಬುದು ನನಗೆ ಆಗ ಹೊಳೆಯಿತು. ಅಲ್ಲಿ ಪ್ರತಿ ಪ್ರಯಾಣಕ್ಕೂ ಇನ್ನೊಬ್ಬರ ಸಮಯ ಬೇಕಿತ್ತು. ಆದ್ದರಿಂದ ಪ್ರತಿ ಪ್ರಯಾಣಕ್ಕೂ ಒಂದು ಕಾರಣ ಬೇಕಿತ್ತು.

ಜೂನ್ ತಿಂಗಳಲ್ಲಿ ಮಗುವನ್ನೂ ಕರೆದುಕೊಂಡು ಎಸ್1 ರೈಲಿನಲ್ಲಿ ಎಸ್ಲಿಂಗನ್ನಿಗೆ ಹೋದೆವು. ದ್ರಾಕ್ಷಿತೋಟಗಳ ಇಳಿಜಾರಿನ ಕೆಳಗೆ, ಕಾಲು ಗಂಟೆಯೂ ಆಗದ ಪ್ರಯಾಣ. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರು ಸಮಾಚಾರ’ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ 1881ರಲ್ಲಿ ತೀರಿಕೊಂಡದ್ದು ಈ ಊರಿನಲ್ಲಿ. ಅದನ್ನು ನಾನು ಹೇಳಿದಾಗ ಅಮ್ಮ ಕಾಲುವೆಯ ಸೇತುವೆಯ ಮೇಲೆ ನಿಂತು, ಹಳೆಯ ಮರದ ತೊಲೆಗಳ ಮನೆಗಳನ್ನು ಬಹಳ ಹೊತ್ತು ನೋಡಿದಳು. “ಇಲ್ಲಿಂದ ಹೋದವರು ನಮ್ಮ ಭಾಷೆ ಕಲಿತು ಪತ್ರಿಕೆಯನ್ನೇ ಹೊರಡಿಸಿದರು. ನನಗೆ ಇಲ್ಲಿ ಬ್ರೆಡ್ ಅಂಗಡಿಯವಳ ಹತ್ತಿರ ನಾಲ್ಕು ಮಾತಾಡಲು ಬರುವುದಿಲ್ಲ” ಎಂದಳು. ಅವಳ ದನಿಯಲ್ಲಿ ದೂರು ಇರಲಿಲ್ಲ, ಬೇಸರವಿತ್ತು.

ಆ ಬೇಸರ ಆಗಲೇ ಬೆಳೆಯುತ್ತಿತ್ತು, ನಾನು ತಡವಾಗಿ ಗಮನಿಸಿದೆ. ಜರ್ಮನಿಯ ರೈಲುಗಳಲ್ಲಿ ಜನ ಅಪರಿಚಿತರೊಡನೆ ಮಾತಾಡುವುದಿಲ್ಲ. ಅದು ಒರಟುತನವಲ್ಲ, ಇನ್ನೊಬ್ಬರ ಏಕಾಂತಕ್ಕೆ ಕೊಡುವ ಗೌರವವೆಂದು ನಾನು ಅರ್ಥಮಾಡಿಕೊಂಡಿದ್ದೇನೆ. ಅಂಗಡಿಯಲ್ಲಿ ಬಿಲ್ ಹಾಕುವವರ ಕೈಗಳು ಎಷ್ಟು ಬೇಗ ಓಡುತ್ತವೆಯೆಂದರೆ ಮಾತಿಗೆ ಬಿಡುವೇ ಇರುವುದಿಲ್ಲ. ಕಚೇರಿಗಳಲ್ಲಂತೂ ಜರ್ಮನ್ ಭಾಷೆಯೇ ಆಡಳಿತದ ಭಾಷೆ. ನಾನು ಬಂದ ಮೊದಲ ವರ್ಷ ಒಬ್ಬ ಅಧಿಕಾರಿ, ಇಂಗ್ಲಿಷ್ ಬರುತ್ತಿದ್ದರೂ, ಆ ಭಾಷೆಯಲ್ಲಿ ಒಂದು ಪದವನ್ನೂ ಆಡಲೊಪ್ಪದೆ ನನ್ನನ್ನು ಹಿಂದೆ ಕಳಿಸಿದ್ದರು. ನಾನು ಸಂಜೆ ತರಗತಿಗಳಿಗೆ ಹೋಗಿ ಕಲಿತೆ. ಅರವತ್ತೊಂದರ ಅಮ್ಮ ಮೂರು ತಿಂಗಳಿಗಾಗಿ ಎಷ್ಟು ಕಲಿತಾಳು? ‘ಗ್ರ್ಯೂಸ್ ಗಾಟ್’ ಎಂಬ ಇಲ್ಲಿನ ನಮಸ್ಕಾರವನ್ನು ಅವಳು ಬೇಗ ಕಲಿತಳು. ಅದರಲ್ಲಿ ದೇವರ ಹೆಸರಿದೆಯೆಂದು ತಿಳಿದ ಮೇಲೆ ಕೈ ಜೋಡಿಸಿಯೇ ಹೇಳುತ್ತಿದ್ದಳು. ಆದರೆ ನಮಸ್ಕಾರವಾದ ಮೇಲೆ ಎರಡೂ ಕಡೆ ಮೌನ. ಭಾನುವಾರಗಳು ಅವಳಿಗೆ ಬಲು ಕಷ್ಟವಾದವು. 1919ರ ಸಂವಿಧಾನದಿಂದ ಬಂದು ಇಂದಿನ ಸಂವಿಧಾನವಾದ ಮೂಲ ಕಾನೂನಿನಲ್ಲಿಯೂ ಉಳಿದುಕೊಂಡಿರುವ ವಿಧಿಯೊಂದು ಭಾನುವಾರವನ್ನು ವಿಶ್ರಾಂತಿಯ ದಿನವೆಂದು ಕಾಯುತ್ತದೆ. ಅಂಗಡಿಗಳು ಮುಚ್ಚಿರುತ್ತವೆ, ಮನೆಯಲ್ಲಿ ಮೊಳೆ ಹೊಡೆಯುವಂತಿಲ್ಲ. ನನಗೆ ಆ ನಿಶ್ಶಬ್ದ ಪ್ರಾಣಕ್ಕೆ ಸಮಾನ. ಬ್ರೂಕ್‌ಫೀಲ್ಡಿನ ಭಾನುವಾರವೆಂದರೆ ಅಮ್ಮನಿಗೆ ದೇವಸ್ಥಾನ, ಪ್ರಸಾದದ ಅಡುಗೆಮನೆಯಲ್ಲಿ ಗೆಳತಿಯರ ನಗು, ಹಿಂದಿರುಗುವಾಗ ಅಂಗಡಿಯಲ್ಲಿ ಯಾರಾದರೂ ಸಿಕ್ಕು ಅರ್ಧ ಗಂಟೆ ಮಾತು.

ಒಂದು ಗೆಳೆತನ ಮಾತ್ರ ಆಯಿತು. ಸ್ಟುಟ್‌ಗಾರ್ಟಿನ ಸುತ್ತಲಿನ ಶ್ವಾಬಿಯಾ ಪ್ರಾಂತದ ಮನೆಗಳಲ್ಲಿ ‘ಕೇರ್‌ವೋಖೆ’ ಎಂಬ ಪದ್ಧತಿಯಿದೆ: ಮೆಟ್ಟಿಲು, ಅಂಗಳ, ಮನೆಯ ಮುಂದಿನ ದಾರಿಗಳನ್ನು ವಾರಕ್ಕೊಂದು ಮನೆಯವರಂತೆ ಸರದಿಯಲ್ಲಿ ಗುಡಿಸಬೇಕು, ಸರದಿ ಬಂದವರ ಬಾಗಿಲಿಗೆ ಆ ಪದವನ್ನು ಬರೆದ ಒಂದು ಹಲಗೆ ತೂಗುಹಾಕಲಾಗುತ್ತದೆ. ಕೆಳಮನೆಯ ಅಜ್ಜಿ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಮ್ಮ ಸರದಿ ಬಂದಾಗ ಅಮ್ಮ ಬೆಳಿಗ್ಗೆ ಆರಕ್ಕೇ ಎದ್ದು, ಮೇಲಿನ ಮೆಟ್ಟಿಲಿನಿಂದ ಮೊದಲುಮಾಡಿ, ಒಂದೊಂದು ಮೂಲೆಯ ಧೂಳನ್ನೂ ಬೆರಳಿಗೆ ಸುತ್ತಿದ ಒದ್ದೆ ಬಟ್ಟೆಯಿಂದ ತೆಗೆದು, ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸಿದಳು. ಅಜ್ಜಿ ಬಾಗಿಲು ತೆರೆದು ನೋಡಿ, ಏನೂ ಹೇಳದೆ ಒಳಗೆ ಹೋಗಿ, ತಮ್ಮ ಹಿತ್ತಾಳೆಯ ಹಿಡಿಕೆಗಳನ್ನು ಉಜ್ಜುವ ಪುಡಿಯ ಡಬ್ಬಿ ತಂದು ಅಮ್ಮನ ಕೈಗಿಟ್ಟರು. ಆ ಮೇಲೆ ವಾರಕ್ಕೆರಡು ದಿನ ಇಬ್ಬರೂ ಮೆಟ್ಟಿಲ ಬಳಿ ಭೇಟಿಯಾಗುತ್ತಿದ್ದರು. ಒಬ್ಬರು ಜರ್ಮನ್, ಒಬ್ಬರು ಕನ್ನಡ. ಅಮ್ಮನನ್ನು ಅಜ್ಜಿ ಎಂದೂ ಹೆಸರು ಹಿಡಿದು ಕರೆಯಲಿಲ್ಲ; ಮನೆತನದ ಹೆಸರಿನ ಮುಂದೆ ‘ಶ್ರೀಮತಿ’ ಎಂಬರ್ಥದ ‘ಫ್ರಾವ್’ ಸೇರಿಸಿ, ನಮ್ಮ ‘ನೀವು’ವಿನಂತೆಯೇ ಇರುವ ‘ಜೀ’ ಎಂಬ ಬಹುವಚನದಲ್ಲಿ ಮಾತನಾಡಿಸುತ್ತಿದ್ದರು. ಬ್ರೂಕ್‌ಫೀಲ್ಡಿನಲ್ಲಿ ಮೊಮ್ಮಗಳ ವಯಸ್ಸಿನವರೂ ತನ್ನನ್ನು ಹೆಸರು ಹಿಡಿದು ಕರೆಯುವುದಕ್ಕೆ ಅಮ್ಮ ಎಂದೂ ಒಗ್ಗಿಕೊಂಡಿರಲಿಲ್ಲ. ಇಂಗ್ಲಿಷಿನಲ್ಲಿಲ್ಲದ ಈ ನೀನು-ನೀವುಗಳ ಭೇದ ಜರ್ಮನ್ನಿನಲ್ಲಿದೆಯೆಂದು ತಿಳಿದಾಗ ಅವಳ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನಾನು ಕಂಡಿದ್ದೇನೆ.

ಅಮೆರಿಕದ ಪಾಸ್‌ಪೋರ್ಟಿನಲ್ಲಿ ಬಂದವರು 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ತಂದೆ ತಾಯಿಯರನ್ನು ಇಲ್ಲಿಗೆ ಶಾಶ್ವತವಾಗಿ ಕರೆತರಲು ನನ್ನಂಥವರಿಗೆ ಅಸಾಧಾರಣ ಕಷ್ಟದ ಕಾರಣ ತೋರಿಸಬೇಕು; 2024ರ ಮಾರ್ಚಿನಿಂದ ಬಂದಿರುವ ಸಡಿಲಿಕೆ ಆ ನಂತರ ಪರವಾನಗಿ ಪಡೆದ ನುರಿತ ಕೆಲಸಗಾರರಿಗೆ ಮಾತ್ರ. ಅದು ಸಾಧ್ಯವಾದರೂ 55 ದಾಟಿ ಹೊಸದಾಗಿ ಬಂದವರಿಗೆ ಇಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯ ಬಾಗಿಲು ಬಹುಮಟ್ಟಿಗೆ ಮುಚ್ಚಿದೆ. ಅಪ್ಪನ ಔಷಧ, ಅಮ್ಮನ ಗೆಳತಿಯರು, ಮನೆ ಎಲ್ಲವೂ ಅಲ್ಲಿವೆ. ಜುಲೈ ಮೊದಲ ವಾರದಲ್ಲಿ ಅಮ್ಮ ಹೊರಟಳು. ಟಿಕೆಟಿನ ಕಾರ್ಡನ್ನು ನನಗೆ ಹಿಂದಿರುಗಿಸುವ ಮೊದಲು ಅದನ್ನು ಸೆರಗಿನಿಂದ ಒರೆಸಿ ಕೊಟ್ಟಳು.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಅವಳ ಫೋನು ಬಂತು. ಅಪ್ಪನಿಗೆ ಹೇಳದೆ ಬ್ಲೂಮೌಂಡ್ ರಸ್ತೆಯವರೆಗೆ ನಡೆದುಕೊಂಡೇ ಹೋಗಿದ್ದಳಂತೆ. ನನ್ನ ಎದೆ ಝಲ್ಲೆಂದಿತು. ಹುಲ್ಲಿನ ಮೇಲೆ, ಚರಂಡಿಯ ಅಂಚಿನಲ್ಲಿ, ಮುಕ್ಕಾಲು ಗಂಟೆಯ ನಡಿಗೆ. ಅರ್ಧ ದಾರಿ ಹೋಗುವಷ್ಟರಲ್ಲಿ ಒಂದು ಕಾರು ಪಕ್ಕದಲ್ಲಿ ನಿಂತಿತು; ಓಡಿಸುತ್ತಿದ್ದ ಹೆಂಗಸು ಗಾಜಿಳಿಸಿ, ಏನಾದರೂ ತೊಂದರೆಯಾಗಿದೆಯೇ, ಕಾರು ಕೆಟ್ಟಿದೆಯೇ ಎಂದು ಕೇಳಿದರು. ಆ ರಸ್ತೆಯ ಅಂಚಿನಲ್ಲಿ ಒಬ್ಬರು ನಡೆಯುತ್ತಿದ್ದಾರೆಂದರೆ ತೊಂದರೆಯಲ್ಲದೆ ಬೇರೆ ಕಾರಣ ಆಕೆಗೆ ತೋಚಲಿಲ್ಲ. ಏನಿಲ್ಲ, ಸುಮ್ಮನೆ ನಡೆಯುತ್ತಿದ್ದೇನೆ ಎಂದರೂ ಆಕೆ ಹೋಗಲಿಲ್ಲ. ಅಮ್ಮನನ್ನು ಹತ್ತಿಸಿಕೊಂಡು ಅಂಗಡಿಗೆ ಕರೆದೊಯ್ದು, ತಾವೂ ಇಳಿದು, ಸಾಮಾನು ಕೊಂಡು ಮುಗಿಯುವ ತನಕ ಜೊತೆಗಿದ್ದು, ಮತ್ತೆ ಮನೆಯ ಬಾಗಿಲಿಗೇ ಬಿಟ್ಟರು. ದಾರಿಯುದ್ದಕ್ಕೂ ಮಾತು: ಆಕೆಯ ಅಜ್ಜಿಯ ಅಜ್ಜಿ ಸ್ಟುಟ್‌ಗಾರ್ಟ್ ಇರುವ ವೂರ್ಟೆಂಬರ್ಗ್ ಸೀಮೆಯಿಂದ ಹಡಗು ಹತ್ತಿ ಬಂದವರಂತೆ, ಆಕೆ ಮಾತ್ರ ಜರ್ಮನಿಯನ್ನು ನೋಡಿಲ್ಲವಂತೆ. ಅಮ್ಮ ಆಕೆಗೆ ಮರಿಯೆನ್‌ಪ್ಲಾಟ್ಸಿನಿಂದ ಡೇಗರ್‌ಲೋಖಿಗೆ ಹೋಗುವ ರೈಲಿನ ಬಗ್ಗೆ, ಯಾವ ಬದಿಯ ಕಿಟಕಿಯಲ್ಲಿ ಕುಳಿತುಕೊಳ್ಳಬೇಕೆಂಬುದರ ಬಗ್ಗೆ ಎಲ್ಲವನ್ನೂ ಹೇಳಿದ್ದಾಳೆ. ಗುರುವಾರ ಮತ್ತೆ ಬರುತ್ತಾರಂತೆ.